ಅಮ್ಮ ಮನೆಯಲ್ಲಿಲ್ಲದ ಹನ್ನೊಂದು ದಿನ

ಹೋದ ವಾರ ಬಸ್ಸು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಎಂದಿನಂತೆ ಬೇರು ಬಿಟ್ಟು ನಿಂತಿದ್ದಾಗ ಕಿಟಕಿಯಿಂದ ಎನಾಮಲ್ ಪೇಂಟಿನ ವಾಸನೆ ಬಂತು. ಪಕ್ಕದಲ್ಲಿ ಕೂತಿದ್ದ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, ಕಿಟಕಿ ಹಾಕಿ ಎಂದು ಸನ್ನೆ ಮಾಡಿದಳು. ನಾನು ಅರ್ಧ ಹಾಕಿದ ಹಾಗೆ ಮಾಡಿ, ಉಳಿದರ್ಧದಿಂದ ಮೂಗು ತುಂಬ ಎಳೆದುಕೊಂಡೆ. ಪೇಂಟು, ಟರ್ಪಂಟೈನು, ಒದ್ದೆ ಮಣ್ಣು, ಡೀಸೆಲ್ ಹೊಗೆ. ಈ ನಾಲ್ಕೂ ಸೇರಿದರೆ ನನ್ನ ಪಾಲಿಗೆ ಅದೊಂದು ಮಳೆಗಾಲ. ಎರಡು ವರ್ಷದ ಹಿಂದಿನದು. ಬದುಕಿನಲ್ಲಿ ನಾನು ಸರಿಯಾಗಿ ಆರಿಸಿಕೊಂಡದ್ದು ಬಹಳ ಕಡಿಮೆ. ಆ ಮಳೆಗಾಲದಲ್ಲಿ ಒಂದನ್ನು ಸರಿಯಾಗಿ ಆರಿಸಿಕೊಂಡೆ, ಅದೂ ನನ್ನ ಸ್ವಂತ ಬುದ್ಧಿಯಿಂದಲ್ಲ.

ಆರ್.ಟಿ. ನಗರದ ಒಂದು ಪಿಯು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಆಗ ನನಗೆ ನಲವತ್ತೈದು. ವಾರಪತ್ರಿಕೆಗಳಲ್ಲಿ ಐದಾರು ಕಥೆ ಬಂದಿದ್ದವು, ಅಷ್ಟರಿಂದಲೇ ಸ್ಟಾಫ್ ರೂಮಿನಲ್ಲಿ ‘ನಮ್ಮ ಲೇಖಕಿ’ ಎಂಬ ಹೆಸರು ಬಿದ್ದಿತ್ತು. ಲೇಖಕಿ ಅಂದ ಮೇಲೆ ಒಂದು ಪುಸ್ತಕ ಬೇಡವೇ? ಇರಲಿಲ್ಲ. ಕೇಳಿದವರಿಗೆಲ್ಲ ‘ಬರೀತಾ ಇದೀನಿ’ ಎಂದು ಹೇಳಿ ಹೇಳಿ ಹನ್ನೆರಡು ವರ್ಷ ಕಳೆದಿದ್ದೆ. ಆ ವರ್ಷ ಪ್ರಿನ್ಸಿಪಾಲರ ಮುಂದೆ ನಿಂತು ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಸಂಬಳವಿಲ್ಲದ ರಜೆ ಕೇಳಿದೆ. ಅವರು ಕೊಟ್ಟರು, ಆದರೆ ಇದೊಂದು ಸಲ ಮಾತ್ರ, ಇನ್ನೊಮ್ಮೆ ಕೇಳಬೇಡಿ ಎಂದು ಸಹಿ ಹಾಕುತ್ತಲೇ ಹೇಳಿದರು. ನಾನೂ ಮನಸ್ಸಿನಲ್ಲೇ ಒಂದು ಸಹಿ ಹಾಕಿಕೊಂಡೆ. ಈ ನಾಲ್ಕು ತಿಂಗಳಲ್ಲಿ ಒಂದು ಕೃತಿಯಾದರೂ ಮುಗಿಯದಿದ್ದರೆ ಬರೆಯುವ ಮಾತನ್ನು ಬಿಟ್ಟುಬಿಡುವುದು. ಯಾರ ಮುಂದೆಯೂ ಮತ್ತೆ ಆ ಸುಳ್ಳು ಹೇಳದಿರುವುದು.

ತೊಂದರೆ ಏನೆಂದರೆ, ನನ್ನ ಹತ್ತಿರ ಇದ್ದದ್ದು ಒಂದಲ್ಲ, ಮೂರು. ಮೊದಲನೆಯದು ಯಲಹಂಕ ಕೆರೆಗೆ ಬರುವ ಹಕ್ಕಿಗಳ ಬಗ್ಗೆ ಮಕ್ಕಳಿಗೊಂದು ನಾಟಕ, ಅದರ ಎರಡು ದೃಶ್ಯ ಆಗಿತ್ತು. ಎರಡನೆಯದು ಲಾರಿಗಳ ಮೇಲೆ ಕೈಯಲ್ಲಿ ಬರೆಯುವ ಕನ್ನಡ ಅಕ್ಷರಗಳ ಕುರಿತು ಚಿತ್ರಗಳ ಸಮೇತ ಒಂದು ಪುಸ್ತಕ. ಮೂರನೆಯದು ಕಾದಂಬರಿ. ‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂದು ಅಮ್ಮ ನನಗೆ ಚಿಕ್ಕಂದಿನಿಂದ ಹೇಳುತ್ತಲೇ ಬಂದಿದ್ದಾಳೆ. ಮುತ್ತು ಯಾವುದು ಎಂದು ಗೊತ್ತಾದರೆ ತಾನೆ ಕಟ್ಟುವುದು?

ಕಾದಂಬರಿಯ ವಿಷಯ ಇಲ್ಲೇ ಹೇಳಿಬಿಡಬೇಕು. ನನಗೆ ನಾಲ್ಕು ವರ್ಷವಿದ್ದಾಗ ಅಮ್ಮ ಹನ್ನೊಂದು ದಿನ ಮನೆಯಲ್ಲಿ ಇರಲಿಲ್ಲ. ಯಲಹಂಕದ ಹತ್ತಿರದ ನಮ್ಮೂರು ಸಿಂಗಾಪುರ ಆಗ ಇನ್ನೂ ಹಳ್ಳಿ, ನಮ್ಮದು ಅಮ್ಮನ ಅತ್ತೆ ಮಾವ ಮೈದುನರೆಲ್ಲ ಇದ್ದ ಕೂಡು ಮನೆ. ತವರಿಗೆ ಎಂದು ಹೇಳಿ ಹೋದ ಅಮ್ಮ ತವರಿಗೆ ಹೋಗಿರಲಿಲ್ಲ. ಹೋದ ಮೂರನೇ ದಿನಕ್ಕೆ ಅವಳ ಅಣ್ಣನೇ, ನನ್ನ ಸೋದರಮಾವ, ಹಿತ್ತಲಲ್ಲಿ ಬಿಟ್ಟ ಕುಂಬಳಕಾಯಿ ಹೊತ್ತು ತಂಗಿಯನ್ನು ನೋಡಲು ಬಂದುಬಿಟ್ಟ. ಸುಳ್ಳು ಬಯಲಾಯಿತು. ಅಪ್ಪ, ಚಿಕ್ಕಪ್ಪಂದಿರು ಊರೂರು ಹುಡುಕಿದರು. ಹನ್ನೆರಡನೇ ದಿನ ಅಮ್ಮ ತಾನಾಗಿ ಬಂದು, ಕಾಲು ತೊಳೆದು, ಒಲೆಯ ಮುಂದೆ ಕೂತಳಂತೆ. ಎಲ್ಲಿದ್ದೆ ಎಂದು ಕೇಳಿದ್ದಕ್ಕೆ ‘ಬಂದಿದೀನಲ್ಲ’ ಎಂದಷ್ಟೇ ಹೇಳಿದಳಂತೆ. ಆಮೇಲೆ ನಲವತ್ತು ವರ್ಷ ಆ ಬಗ್ಗೆ ತುಟಿ ಎರಡು ಮಾಡಲಿಲ್ಲ. ಊರ ಬಾಯಿಗೆ ಬೀಗ ಹಾಕುವವರು ಯಾರು? ಜಗಳವಾದಾಗಲೆಲ್ಲ ನನ್ನ ಸೋದರತ್ತೆ ಆ ಹನ್ನೊಂದು ದಿನವನ್ನು ಎತ್ತಿ ಆಡುತ್ತಿದ್ದಳು. ಅಮ್ಮ ಮುಖ ತಗ್ಗಿಸದೆ, ಉತ್ತರವನ್ನೂ ಕೊಡದೆ ಸೊಪ್ಪು ಸೋಸುತ್ತಿದ್ದಳು. ಅಪ್ಪ ಸತ್ತು ಆರು ವರ್ಷವಾಗಿ, ಜಮೀನು ಲೇಔಟಾಗಿ, ಅದೇ ಜಾಗದ ಮಹಡಿ ಮನೆಯಲ್ಲಿ ನಾನೂ ಅಮ್ಮನೂ ಇಬ್ಬರೇ ಇದ್ದೆವು. ಆಗಲೂ ಕೇಳುವ ಧೈರ್ಯ ನನಗೆ ಬಂದಿರಲಿಲ್ಲ. ಕಾದಂಬರಿಯ ಮೂರು ಅಧ್ಯಾಯ ಬರೆದು ಎತ್ತಿಟ್ಟು, ಉಳಿದದ್ದನ್ನು ಅಮ್ಮ ಇಲ್ಲವಾದ ಮೇಲೆ ಬರೆಯುವುದು ಎಂದು ತೀರ್ಮಾನಿಸಿಕೊಂಡಿದ್ದೆ. ಅದು ಅಮ್ಮನಿಗೆ ಕೊಡುವ ಗೌರವ ಎಂದೂ ತಿಳಿದುಕೊಂಡಿದ್ದೆ.

ಜೂನ್ ಬಂತು. ಬೆಂಗಳೂರಿನ ಜೂನ್ ಮಳೆ ಗೊತ್ತಲ್ಲ, ಸುರಿಯುವುದೂ ಇಲ್ಲ, ಬಿಡುವುದೂ ಇಲ್ಲ. ಮೂರು ನೋಟ್‌ಬುಕ್ಕು ಮೇಜಿನ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಯಲಹಂಕದ ಕಡೆಯಿಂದ ವಿಮಾನ ಹಾರಿದರೆ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು, ನನಗೆ ಅದೇ ನೆಪ, ಎದ್ದು ಟೀ ಮಾಡುತ್ತಿದ್ದೆ. ಒಂದು ದಿನ ನಾಟಕ, ಒಂದು ದಿನ ಲಾರಿ, ಒಂದು ದಿನ ಏನೂ ಇಲ್ಲ. ಹತ್ತು ದಿನ ಕಳೆದ ಮೇಲೆ ಲೆಕ್ಕ ಹಾಕಿದರೆ ಮೂರು ಪುಸ್ತಕದಲ್ಲಿ ಒಟ್ಟು ಒಂದೂವರೆ ಪುಟ. ಕೂತು ಸಾಯುವುದಕ್ಕಿಂತ ಓಡಾಡಿ ಸಾಯೋಣ ಎಂದು ಕ್ಯಾಮೆರಾ ಹಿಡಿದು, ತುಮಕೂರು ರಸ್ತೆಯ ಹಿಂದೆ ಲಾರಿಗಳಿಗೆ ಬಾಡಿ ಕಟ್ಟುವ ಒಂದು ಶೆಡ್ಡಿಗೆ ಹೋದೆ. ಚಾಂದ್ ಪಾಷಾ ಅವರನ್ನು ಕಂಡದ್ದು ಅಲ್ಲಿ.

ಅರವತ್ತೆರಡು ವರ್ಷದ ತೆಳ್ಳನೆಯ ಮನುಷ್ಯ. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದರು. ಯಶವಂತಪುರದ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು ಓದಿದ್ದು ಬಿಟ್ಟರೆ ಬೇರೆ ವಿದ್ಯೆಯಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳೊಡನೆ ದಖನಿ ಉರ್ದು. ಆದರೆ ಅವರು ಬರೆದಂಥ ಕನ್ನಡ ‘ಶ್ರೀ’ಯನ್ನು ಎಂ.ಎ. ಮಾಡಿದ ನಾನು ಸಾಯುವವರೆಗೂ ಬರೆಯಲಾರೆ. ಶೆಡ್ಡಿನವರೆಲ್ಲ ಅವರನ್ನು ಭಾಯ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಭಾಯ್ ಕೆಲಸ ಮಾಡುವುದನ್ನು ನೋಡುವುದೇ ಒಂದು ಹಬ್ಬ. ಮಳೆಗಾಲದಲ್ಲಿ ತಗಡು ಬೆವರುತ್ತದೆ, ಬೆವರಿದ ತಗಡಿಗೆ ಬಣ್ಣ ಕೂರುವುದಿಲ್ಲ. ಅದಕ್ಕೆ ಅವರು ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ ಒರೆಸಿ, ಕೊನೆಗೆ ಲಾರಿಗೆ ತಮ್ಮ ಕೆನ್ನೆಯನ್ನೇ ಒತ್ತಿ ನೋಡುತ್ತಿದ್ದರು. ಕೈ ಒರಟಾಗಿಬಿಟ್ಟಿದೆ ಮೇಡಮ್, ತೇವ ತಿಳಿಯುವುದು ಕೆನ್ನೆಗೆ ಮಾತ್ರ ಎಂದು ಹೇಳಿದ್ದರು. ಆಮೇಲೆ ಸುಣ್ಣದ ಪುಡಿ ಸವರಿದ ದಾರವನ್ನು ಬಿಗಿ ಹಿಡಿದು ಪಟ್ ಎಂದು ಬಿಟ್ಟರೆ ನೇರ ಗೆರೆ. ಬಿದಿರು ಕಡ್ಡಿಯೊಂದನ್ನು ಕೈಗೆ ಆಸರೆ ಮಾಡಿಕೊಂಡು ಬ್ರಷ್ ಇಟ್ಟರೆಂದರೆ ಅಕ್ಷರ ಮುಗಿಯುವವರೆಗೆ ಉಸಿರು ಬಿಡುತ್ತಿರಲಿಲ್ಲ. ಲಾರಿಯವರು ಮೂರು ಕಡೆಯಿಂದ ‘ಭಾಯ್ ನಮ್ದು ಬೇಗ’ ಎಂದು ಪ್ರಾಣ ತಿನ್ನುತ್ತಿದ್ದರೂ ಒಂದು ಲಾರಿ ಮುಗಿಯದೆ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ನಾನು ಮೂರು ನೋಟ್‌ಬುಕ್ಕಿನವಳು, ನಾಚಿಕೆಯಿಂದ ನೋಡುತ್ತ ನಿಲ್ಲುತ್ತಿದ್ದೆ. ಫೋಟೋ ತೆಗೆಯಲು ಹೋದವಳು ಜೂನಿನ ಉಳಿದ ದಿನಗಳನ್ನೆಲ್ಲ ಅಲ್ಲೇ ಕಳೆದೆ.

ಒಂದು ಬೆಳಿಗ್ಗೆ ಭಾಯ್ ಹೊಸ ಲಾರಿಯ ಹಣೆಗೆ, ಎಂದರೆ ಎದುರುಗಾಜಿನ ಮೇಲಿನ ಪಟ್ಟಿಗೆ, ‘ಶ್ರೀ ಮುನೇಶ್ವರ ಸ್ವಾಮಿ ಪ್ರಸನ್ನ’ ಎಂದು ಬರೆಯಬೇಕಿತ್ತು. ಗೆರೆ ಹೊಡೆದಾದ ಮೇಲೆ ಅವರು ಬರೆದದ್ದು ಅಕ್ಷರಗಳನ್ನಲ್ಲ, ಒತ್ತುಗಳನ್ನು. ಶ್ರೀಯ ಕೆಳಗಿನ ಒತ್ತು, ಶ್ವದ ಒತ್ತು, ಸ್ವಾದ್ದು, ಪ್ರದ್ದು, ನ್ನದ್ದು. ಐದೂ ಒತ್ತುಗಳು, ಮೇಲೆ ಅಕ್ಷರಗಳೇ ಇಲ್ಲದೆ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳ ಹಾಗೆ ಸಾಲಾಗಿ ಕಂಡವು. ಎರಡು ವಾರದಿಂದ ನೋಡುತ್ತಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಕೆಳಗಿನಿಂದ ಯಾಕೆ ಶುರು ಮಾಡುತ್ತೀರಿ ಎಂದು ಕೇಳಿದೆ.

“ಮೇಲಿನ ಅಕ್ಷರ ನಮ್ ಮಾತು ಕೇಳುತ್ತೆ ಮೇಡಮ್,” ಎಂದರು ಭಾಯ್. “ಸ್ವಲ್ಪ ಸಣ್ಣಗಾಗು ಅಂದ್ರೆ ಆಗುತ್ತೆ, ಜರುಗು ಅಂದ್ರೆ ಜರುಗುತ್ತೆ. ಒತ್ತು ಹಂಗಲ್ಲ. ಕೆಳಗೆ ತಗಡು ಮುಗಿದ್ಮೇಲೆ ಅದಕ್ಕೆ ಜಾಗ ಎಲ್ಲಿಂದ ತರ್ಲಿ? ಆಮೇಲೆ ಜಾಗ ಸಿಗದೇ ಇರೋದನ್ನ ಮೊದಲು ಕೂರಿಸ್ಬಿಡ್ಬೇಕು.”

ನನಗೆ ಆ ಕ್ಷಣ ಏನೋ ಸಿಕ್ಕಿದಂತಾಯಿತು. ಬಸ್ಸಿನಲ್ಲಿ ಜಾಲಹಳ್ಳಿ ದಾಟುವಷ್ಟರಲ್ಲಿ ಎಲ್ಲ ತೀರ್ಮಾನವಾಗಿತ್ತು. ಹಕ್ಕಿಗಳು ಮುಂದಿನ ವರ್ಷವೂ ಬರುತ್ತವೆ, ನಾಟಕಕ್ಕೆ ಅವಸರವಿಲ್ಲ. ಕಾದಂಬರಿ ಹೇಗೂ ಅಮ್ಮನ ನಂತರದ್ದು. ಭಾಯ್‌ಗೆ ವಯಸ್ಸಾಗಿದೆ, ಮುಂದಿನ ವರ್ಷ ಕೋಲಾರದ ಮಗಳ ಮನೆಗೆ ಹೋಗಿಬಿಡುವ ಮಾತನಾಡುತ್ತಿದ್ದಾರೆ. ಆಮೇಲೆ ಜಾಗ ಸಿಗದಿರುವುದು ಅವರ ಅಕ್ಷರಗಳಿಗೆ. ಆದ್ದರಿಂದ ಲಾರಿ ಪುಸ್ತಕವೇ ಮೊದಲು. ಹನ್ನೆರಡು ವರ್ಷದ ಗೊಂದಲ ಒಂದು ಟಿಕೆಟ್ಟಿನಲ್ಲಿ ಬಗೆಹರಿಯಿತಲ್ಲ ಎಂದು ಖುಷಿಯಾಗಿ ಮಾರನೆಯ ದಿನ ಅರ್ಧ ಕೇಜಿ ಮೈಸೂರು ಪಾಕು ಕಟ್ಟಿಸಿಕೊಂಡು ಹೋಗಿ, ನಿಮ್ಮ ಪುಸ್ತಕವನ್ನೇ ಮೊದಲು ಬರೆಯುತ್ತೇನೆ ಭಾಯ್ ಎಂದು ಘೋಷಿಸಿದೆ.

ಭಾಯ್ ಮೈಸೂರು ಪಾಕು ತಿಂದರು. ಪುಸ್ತಕವನ್ನು ಒಪ್ಪಲಿಲ್ಲ. ತಮ್ಮ ಅಕ್ಷರ ಎಲ್ಲಿಗೂ ಹೋಗುವುದಿಲ್ಲ, ರಸ್ತೆಯಲ್ಲೇ ಓಡಾಡಿಕೊಂಡಿದೆ, ತುಮಕೂರು ರಸ್ತೆಯಲ್ಲಿ ಅರ್ಧ ಗಂಟೆ ನಿಂತರೆ ನಾಲ್ಕು ಸಿಗುತ್ತವೆ ಎಂದರು. ನಿಮ್ಮ ಹತ್ತಿರ ಇನ್ನೇನೇನಿದೆ ಎಂದು ಕೇಳಿದರು. ನಾಟಕದ ವಿಷಯ ಹೇಳಿದೆ, ತಲೆಯಾಡಿಸಿದರು. ಆಮೇಲೆ, ಯಾಕೆ ಹೇಳಿದೆನೋ ಗೊತ್ತಿಲ್ಲ, ಅಮ್ಮನ ಹನ್ನೊಂದು ದಿನದ ವಿಷಯವನ್ನೂ ಹೇಳಿದೆ. ಅದನ್ನು ಅಮ್ಮ ಇರುವವರೆಗೆ ಬರೆಯುವ ಹಾಗಿಲ್ಲ, ಆಮೇಲೆ ನಿಧಾನವಾಗಿ ಬರೆಯುವಂಥದ್ದು ಎಂದೆ.

ಭಾಯ್ ಬ್ರಷ್ಷನ್ನು ಸೀಮೆಎಣ್ಣೆ ಡಬ್ಬದಲ್ಲಿ ಅದ್ದಿಟ್ಟು ಒಂದು ಹಳೆಯ ಕಥೆ ಹೇಳಿದರು. ಸಿರಾ ಕಡೆಯ ಒಬ್ಬರು ಹೊಸ ಲಾರಿ ತೆಗೆದಿದ್ದರು. ಲಾರಿಯ ಹಿಂದೆ ಮಕ್ಕಳ ಹೆಸರು ಬರೆಸುವುದು ನಮ್ಮಲ್ಲಿ ವಾಡಿಕೆ. ಅವತ್ತು ಓನರು ಬರುವುದು ತಡವಾಯಿತು. ಡ್ರೈವರು ಅವಸರ ಮಾಡಿ, ಮಕ್ಕಳ ಹೆಸರು ನನಗೆ ಗೊತ್ತು ಎಂದು ಮೂರು ಹೆಸರು ಹೇಳಿದ. ಭಾಯ್ ಹಿಂದಿನ ಪಟ್ಟಿಯ ತುಂಬ ಅಂದವಾಗಿ ಮೂರನ್ನೂ ಬರೆದರು. ಸಂಜೆ ಓನರು ಬಂದು ನೋಡಿದರು. ಅವರಿಗಿದ್ದದ್ದು ನಾಲ್ಕು ಮಕ್ಕಳು. ದೊಡ್ಡ ಮಗಳು ತನ್ನಿಷ್ಟದ ಮದುವೆಯಾಗಿ ಮನೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆಕೆಯ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಹೊಸ ಡ್ರೈವರಿಗೆ ಅಂಥವಳೊಬ್ಬಳು ಇದ್ದಾಳೆಂದೇ ತಿಳಿದಿರಲಿಲ್ಲ. ಆ ಅಪ್ಪ ಮಾತ್ರ ಈ ಲಾರಿಯಲ್ಲಿ ಆಕೆಯ ಹೆಸರನ್ನೇ ಮೊದಲು ಬರೆಸಬೇಕೆಂದುಕೊಂಡು ಬಂದಿದ್ದರು. ಬೈಯಲಿಲ್ಲ. ಚೆನ್ನಾಗಿದೆ ಎಂದು ಹೇಳಿ, ಮೊದಲ ಹೆಸರಿನ ಎಡಕ್ಕೆ ಜಾಗವೇ ಇಲ್ಲದ ಕಡೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದರಂತೆ. ಅಳಿಸಿ ಬರೆದುಕೊಡುತ್ತೇನೆ ಎಂದರೂ ಬೇಡವೆಂದು ಗಾಡಿ ತೆಗೆದುಕೊಂಡು ಹೋದರಂತೆ.

“ಅವತ್ತಿಂದ ಓನರ್ ಎದುರಿಗೆ ನಿಂತಿಲ್ದೆ ನಾನು ಹೆಸರು ಬರೆಯಲ್ಲ,” ಎಂದರು ಭಾಯ್. ಆಮೇಲೆ ನನ್ನ ಮುಖ ನೋಡದೆ, ಡಬ್ಬದಿಂದ ಬ್ರಷ್ ಎತ್ತಿ ಒರೆಸುತ್ತ, “ನಿಮ್ ಕಥೆಗೆ ಓನರ್ ಯಾರು ಮೇಡಮ್? ಅವರು ಹೋದ್ಮೇಲೆ ಬರೀತೀನಿ ಅಂತೀರಲ್ಲ,” ಎಂದರು.

ನನಗೆ ಸಿಟ್ಟು ಬಂತು. ಐದನೇ ಕ್ಲಾಸಿನವರು ನನಗೆ ಕಾದಂಬರಿ ಹೇಳಿಕೊಡುತ್ತಾರಾ ಎಂಬಂಥ ಕೀಳು ಯೋಚನೆಯೂ ಬಂತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಬಸ್ಸಿನಲ್ಲಿ ಮನೆಯವರೆಗೂ ಮನಸ್ಸಿನಲ್ಲೇ ಅವರೊಡನೆ ವಾದ ಮಾಡಿದೆ. ಸಿಂಗಾಪುರದಲ್ಲಿ ಇಳಿಯುವಾಗ ವಾದ ಮುಗಿದಿತ್ತು. ಅಮ್ಮ ಇಲ್ಲವಾದ ಮೇಲೆ ಬರೆಯುವುದೆಂದರೆ, ತಪ್ಪು ಎಂದು ಹೇಳುವವರು ಯಾರೂ ಇಲ್ಲದಾಗ ಬರೆಯುವುದು. ನನ್ನ ಹೆದರಿಕೆಗೆ ಗೌರವ ಎಂಬ ಹೆಸರಿಟ್ಟುಕೊಂಡು ಹನ್ನೆರಡು ವರ್ಷ ಆರಾಮವಾಗಿದ್ದೆ. ಆಮೇಲೆ ಜಾಗ ಸಿಗದೇ ಇರುವುದು ಅಮ್ಮನ ಬಾಯಿಂದ ಬರಬೇಕಾದ ಮಾತಿಗೆ. ನಾಟಕದ ನೋಟ್‌ಬುಕ್ಕನ್ನೂ ಲಾರಿಯ ನೋಟ್‌ಬುಕ್ಕನ್ನೂ ಬೀರುವಿನ ಮೇಲಿಟ್ಟೆ.

ತೀರ್ಮಾನವೇನೋ ಆಯಿತು, ಬಾಯಿ ಬರಬೇಕಲ್ಲ. ಜುಲೈ ಮೊದಲ ವಾರವೆಲ್ಲ ಅಮ್ಮನ ಸುತ್ತ ಬೆಕ್ಕಿನ ಹಾಗೆ ಸುತ್ತಿದೆ. ಒಮ್ಮೆ ಶುರು ಮಾಡಿ ಗ್ಯಾಸ್ ಸಿಲಿಂಡರ್ ವಿಷಯಕ್ಕೆ ತಿರುಗಿಸಿದೆ. ಇನ್ನೊಮ್ಮೆ ಕೆಳಗಿನ ಮನೆಯ ಬಾಡಿಗೆಯವರು ಬಂದು ತಪ್ಪಿಸಿದರು, ಅವರಿಗೆ ಒಳಗೊಳಗೇ ಕೈ ಮುಗಿದೆ. ಕೊನೆಗೆ ಒಂದು ಮಧ್ಯಾಹ್ನ ಕರೆಂಟು ಹೋಗಿ, ಅಮ್ಮ ಬಾಲ್ಕನಿಯ ಬೆಳಕಿನಲ್ಲಿ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತ ಕೂತಿದ್ದಾಗ, ಹನ್ನೆರಡು ವರ್ಷದ ಹಿಂದೆ ಬರೆದಿಟ್ಟಿದ್ದ ಮೂರು ಅಧ್ಯಾಯ ತಂದು, ನಾನೊಂದು ಕಥೆ ಓದುತ್ತೇನೆ ಕೇಳು ಎಂದೆ.

ಓದಿದೆ. ನನ್ನ ಕಥೆಯ ಹೆಂಗಸು ಬೆಳಗಿನ ಮಬ್ಬಿನಲ್ಲಿ ಗಂಡನ ಮನೆ ಬಿಟ್ಟು ಹೊರಡುತ್ತಾಳೆ. ಊರ ಬಾಗಿಲಿಗೆ ಬರುವ ಬಸ್ಸು ಹತ್ತುತ್ತಾಳೆ. ಆ ಬಸ್ಸಿನ ಕಂಡಕ್ಟರಿಗೂ ಅವಳಿಗೂ ಎಷ್ಟೋ ದಿನದಿಂದ ಕಣ್ಣಲ್ಲೇ ಪರಿಚಯ. ಅವನು ಟಿಕೆಟ್ ಹರಿಯದೆ ಕಿಟಕಿಯ ಪಕ್ಕದ ಸೀಟು ತೋರಿಸುತ್ತಾನೆ. ಅಲ್ಲಿಗೆ ಬಂದಾಗ ಅಮ್ಮನ ಕೈಯ ಚಾಕು ನಿಂತಿತು.

“ಯಾವೋನೇ ಅವ್ನು?”

“ಕಥೆ ಅಮ್ಮ.”

“ನಂದಾ?”

ಹೂಂ ಎಂದೆ. ನಲವತ್ತು ವರ್ಷದಲ್ಲಿ ಆ ವಿಷಯ ನಮ್ಮಿಬ್ಬರ ಮಧ್ಯೆ ಬಾಯಿಬಿಟ್ಟು ಬಂದದ್ದು ಅದೇ ಮೊದಲು. ಅಮ್ಮ ತಲೆ ಬಗ್ಗಿಸಿದಳು. ಅವಳ ಭುಜ ಅಲುಗಿತು. ಮುಗಿಯಿತು, ಮುಪ್ಪಿನಲ್ಲಿ ಅಮ್ಮನನ್ನು ಅಳಿಸಿದ ಪಾಪಿ ನಾನು ಎಂದುಕೊಂಡು ಹತ್ತಿರ ಹೋದರೆ, ಅಮ್ಮ ನಗುತ್ತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು.

“ಆಗ ನಮ್ಮೂರಿಗೆ ಬಸ್ಸೇ ಬರ್ತಿರ್ಲಿಲ್ವಲ್ಲೇ. ಯಲಹಂಕಕ್ಕೆ ನಡ್ಕೊಂಡು ಓಗ್ಬೇಕಿತ್ತು. ನೀನು ಕಂಡಕ್ಟರ್‌ನ ಎಲ್ಲಿಂದ ಇಡ್ಕೊಂಡು ಬಂದೆ?”

ಆಮೇಲೆ, ಬೀಜ ಸುಲಿಯುವುದನ್ನು ನಿಲ್ಲಿಸದೆ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು. ಅವಳು ಹೋಗಿದ್ದು ಯಶವಂತಪುರಕ್ಕೆ, ಮಾರ್ಕೆಟ್ ಯಾರ್ಡಿನ ಹಿಂದಿದ್ದ ಶಾಲೆಯ ಗೆಳತಿ ಸರೋಜಳ ಮನೆಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವುದಕ್ಕೆ. ಒಂಬತ್ತನೇ ಕ್ಲಾಸಿನಲ್ಲಿ ಓದು ಬಿಡಿಸಿ ಮದುವೆ ಮಾಡಿದ್ದರು. ಓದಬೇಕು ಎಂದು ಒಮ್ಮೆ ಕೇಳಿದ್ದಕ್ಕೆ ಅವಳ ಅತ್ತೆ, ನನ್ನ ಅಜ್ಜಿ, ರಾಗಿ ಬೀಸುವವಳಿಗೆ ಪರೀಕ್ಷೆ ಯಾಕೆ ಎಂದಿದ್ದಳಂತೆ. ಸರೋಜ ಪ್ರೈವೇಟಾಗಿ ಫಾರಂ ಕಟ್ಟಿಸಿದಳು, ಹಾಲ್ ಟಿಕೆಟ್ಟು ಅವಳ ವಿಳಾಸಕ್ಕೇ ಬಂತು. ಪುಸ್ತಕಗಳನ್ನು ಅಮ್ಮ ಕೊಟ್ಟಿಗೆಯ ಅಟ್ಟದಲ್ಲಿ, ಹುಲ್ಲಿನ ಕೆಳಗೆ ಇಟ್ಟು, ಹಾಲು ಕರೆಯಲು ಹೋದಾಗ ಎರಡೆರಡು ಪುಟ ಓದಿದಳು. ಎರಡು ವರ್ಷ ಹಾಗೆ. ನಮ್ಮ ಹಸುವಿಗೆ ಸಮಾಜ ವಿಜ್ಞಾನ ಪೂರ್ತಿ ಬಾಯಿಪಾಠ ಇತ್ತು ಎಂದು ಅಮ್ಮನೇ ತಮಾಷೆ ಮಾಡಿದಳು. ನಡುನಡುವೆ ರಜೆ ಸೇರಿ ಪರೀಕ್ಷೆ ಹನ್ನೊಂದು ದಿನ ನಡೆಯಿತು. ಅಣ್ಣ ಕುಂಬಳಕಾಯಿ ಹೊತ್ತು ಬರುತ್ತಾನೆ ಎಂದು ಯಾರಿಗೆ ಗೊತ್ತಿತ್ತು?

ಬಂದ ದಿನವೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಮಾರ್ಕ್ಸ್ ಕಾರ್ಡ್ ಬರ್ಲಿ, ಎಲ್ರ ಮುಂದೆ ಮಡಗ್ತೀನಿ, ಆಗ ಏಳೋಣ ಅಂತಿದ್ದೆ ಕಣೇ. ಬಂತು. ಲೆಕ್ಕದಲ್ಲಿ ಓಗಿತ್ತು. ಫೇಲಾದೆ ಅಂತ ಎಂಗೆ ಏಳ್ಲಿ? ಅಷ್ಟೊತ್ಗೆ ಅವ್ರೇ ಒಂದು ಕತೆ ಕಟ್ಕೊಂಡಿದ್ರು. ಕಟ್ಕೊಳ್ಲಿ ಅಂತ ಬಿಟ್ಟೆ.”

ಇನ್ನೊಮ್ಮೆ ಕಟ್ಟಬಹುದಿತ್ತಲ್ಲ ಎಂದೆ. ಇನ್ನೊಮ್ಮೆ ಪರೀಕ್ಷೆ ಕಟ್ಟಲು ಇನ್ನೊಂದು ಸುಳ್ಳು ಬೇಕಿತ್ತು ಎಂದಳು. ಇನ್ನೊಂದು ಬೀಜ ಎತ್ತಿಕೊಂಡು, ತಾನು ಹಿಂದಿರುಗಿ ಬಂದಾಗ ನಾನು ಅಜ್ಜಿಯ ಸೀರೆ ಹಿಡಿದುಕೊಂಡು ಒಂದು ವಾರ ಅವಳ ಹತ್ತಿರ ಹೋಗಲಿಲ್ಲವೆಂದೂ, ಅದಾದ ಮೇಲೆ ಮತ್ತೆ ಬಿಟ್ಟುಹೋಗಲು ಕಾಲು ಬರಲಿಲ್ಲವೆಂದೂ ಹೇಳಿದಳು. ಅಪ್ಪ ಕೇಳಲಿಲ್ಲವೇ ಎಂದೆ. ಅಪ್ಪ ಮೊದಲ ದಿನ ಕೇಳಿದವನು ಮತ್ತೆಂದೂ ಕೇಳಲಿಲ್ಲವಂತೆ, ಯಾರಾದರೂ ಎತ್ತಿ ಆಡಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದನಂತೆ. ಇನ್ನೊಂದೇ ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದಳು. ಅದನ್ನು ಹೇಳುವಾಗ ಮಾತ್ರ ಅವಳ ಕೈ ನಿಂತಿತ್ತು.

ನನಗೆ ನಗು ಬಂತು, ಹಿಂದೆಯೇ ಅಳು ಬಂತು. ನನ್ನ ಅಮ್ಮ ಎಂಥ ಹೆಂಗಸು! ಓಡಿಹೋದವಳು ಎನ್ನಿಸಿಕೊಳ್ಳುವುದನ್ನು ನಲವತ್ತು ವರ್ಷ ಸಹಿಸಿದಳು, ಲೆಕ್ಕದಲ್ಲಿ ಫೇಲಾದವಳು ಎನ್ನಿಸಿಕೊಳ್ಳುವುದನ್ನು ಸಹಿಸಲಾರದೆ. ಲೋಕ ಯಾವುದನ್ನು ಮಾನ ಎನ್ನುತ್ತದೋ ಅದು ಅವಳಿಗೆ ಎರಡನೆಯದಾಗಿತ್ತು. ಅವಳ ಮಾನ ಆ ಮಾರ್ಕ್ಸ್ ಕಾರ್ಡಿನಲ್ಲಿತ್ತು. ನಾನು ಇಷ್ಟು ಓದಿ, ಇಷ್ಟು ಪಾಠ ಹೇಳಿ, ಅವಳಿಗೆ ಕೊಟ್ಟದ್ದೇನು? ಒಬ್ಬ ಕಂಡಕ್ಟರನ್ನು. ನನ್ನ ಸೋದರತ್ತೆಗೂ ನನಗೂ ಏನು ವ್ಯತ್ಯಾಸ? ಅವಳು ಬಾಯಲ್ಲಿ ಆಡಿದಳು, ನಾನು ಅಚ್ಚು ಹಾಕಿಸಲು ಹೊರಟಿದ್ದೆ. ಅಮ್ಮ ಸತ್ತ ಮೇಲೆ ಬರೆದಿದ್ದರೆ ಆ ಕಂಡಕ್ಟರು ಎಂದೆಂದಿಗೂ ನಮ್ಮ ಮನೆಯವನಾಗಿ ಉಳಿದುಬಿಡುತ್ತಿದ್ದ.

ಅಂದು ಸಂಜೆ ಆ ಮೂರು ಅ‍ಧ್ಯಾಯ ಹರಿದು ಹೊಸದಾಗಿ ಶುರು ಮಾಡಿದೆ. ಆಗಸ್ಟ್ ಪೂರ್ತಿ, ಸೆಪ್ಟೆಂಬರ್ ಪೂರ್ತಿ ಬರೆದೆ. ಆ ವರ್ಷ ಆಗಸ್ಟಿನಲ್ಲಿ ಮಳೆ ಮನಸ್ಸು ಮಾಡಿ ಸುರಿಯಿತು, ಹೆಬ್ಬಾಳದ ಕಡೆ ರಸ್ತೆ ಕೆರೆಯಾಯಿತು ಎಂದು ಟಿವಿಯಲ್ಲಿ ತೋರಿಸುತ್ತಿದ್ದರು, ನಾನು ಬಾಗಿಲು ದಾಟಲಿಲ್ಲ. ಬರೆದದ್ದನ್ನು ಪ್ರತಿ ಮಧ್ಯಾಹ್ನ ಅಮ್ಮನಿಗೆ ಓದುತ್ತಿದ್ದೆ. ಕೊಟ್ಟಿಗೆಯ ಬಾಗಿಲು ಪೂರ್ವಕ್ಕಲ್ಲ ಉತ್ತರಕ್ಕಿತ್ತು, ಸರೋಜಳ ಮನೆಯಲ್ಲಿ ತಿಂದದ್ದು ಮುದ್ದೆಯಲ್ಲ ಚಿತ್ರಾನ್ನ ಎಂದು ತಿದ್ದುತ್ತಿದ್ದಳು. ಒಂದು ಕಡೆ ನಾನು ನಾಯಕಿಯನ್ನು ಪರೀಕ್ಷೆಯ ಹಿಂದಿನ ಸಂಜೆ ಎರಡು ಪುಟದುದ್ದ ಅಳುವಂತೆ ಮಾಡಿದ್ದೆ. ಅಷ್ಟು ಹೊತ್ತು ಅತ್ತಿದ್ದರೆ ಓದುವುದು ಯಾವಾಗ ಎಂದು ಕೇಳಿ ಹೊಡೆದು ಹಾಕಿಸಿದಳು. ಸಿಟ್ಟು ಬಂದರೂ ಅವಳು ಹೇಳಿದ್ದೇ ಸರಿಯಿರುತ್ತಿತ್ತು. ಒಂದು ದಿನ ಭಾಯ್ ಫೋನ್ ಮಾಡಿ, ಓನರ್ ಎದುರಿಗೆ ನಿಂತಿದ್ದಾರಾ ಎಂದಷ್ಟೇ ವಿಚಾರಿಸಿದರು. ನಿಂತಿದ್ದಾರೆ ಭಾಯ್, ಉಸಿರಾಡಲೂ ಬಿಡುತ್ತಿಲ್ಲ ಎಂದೆ. ಅವರು ಬಹಳ ಹೊತ್ತು ನಕ್ಕರು.

ಆ ಕಾದಂಬರಿ ಈಗ ಅಚ್ಚಿನಲ್ಲಿದೆ. ಭಾಯ್ ಕೋಲಾರಕ್ಕೆ ಹೋಗುವ ಮಾತು ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಲೇ ಇದೆ, ಹೋದ ವಾರ ನಾನು ಆ ಬಸ್ಸಿನಲ್ಲಿ ಹೊರಟಿದ್ದು ಅವರ ಪುಸ್ತಕ ಶುರು ಮಾಡುವುದಕ್ಕೇ. ನಾಟಕ ಬೀರುವಿನ ಮೇಲಿದೆ, ಅದಕ್ಕೆ ಬೇಸರವಿಲ್ಲ. ಆದರೆ ಆ ಮಳೆಗಾಲ ಎಂದರೆ ನನಗೆ ನೆನಪಾಗುವುದು ರಜೆಯ ಕೊನೆಯ ವಾರದ ಒಂದು ಮಧ್ಯಾಹ್ನ. ಉಳಿದಿದ್ದು ಕಡೆಯ ಅಧ್ಯಾಯ ಮಾತ್ರ, ಫಲಿತಾಂಶ ಬರುವ ಭಾಗ. ಅದನ್ನು ಬರೆಯಲು ನನಗೆ ಕೈ ಬರುತ್ತಿರಲಿಲ್ಲ. ಎರಡು ವರ್ಷ ಹಸುವಿನ ಪಕ್ಕ ಕೂತು ಓದಿದವಳನ್ನು ನನ್ನ ಕೈಯಾರೆ ಹೇಗೆ ಫೇಲು ಮಾಡಲಿ? ಕಾದಂಬರಿ ತಾನೆ, ನನ್ನ ಕೈಯಲ್ಲೇ ಇದೆಯಲ್ಲ ಎನ್ನಿಸಿತು. ಅಮ್ಮನ ಹತ್ತಿರ ಹೋಗಿ, ಕಥೆಯಲ್ಲಿ ನಿನ್ನನ್ನು ಪಾಸು ಮಾಡಿಬಿಡುತ್ತೇನೆ ಎಂದೆ. ಅವಳು ಪೇಪರ್ ಮಡಚಿ ಪಕ್ಕಕ್ಕಿಟ್ಟು ನನ್ನನ್ನೇ ನೋಡಿದಳು.

“ಎಷ್ಟು ಕೊಡ್ತೀಯ?”

“ಮೂವತ್ತೈದು. ಸರಿಯಾಗಿ ಪಾಸಾಗೋವಷ್ಟು.”

ಅಮ್ಮ ಯೋಚಿಸಿದಳು. ಆಸೆಯಾಗಲಿಲ್ಲ ಎಂದು ಹೇಳಲಾರೆ, ಒಂದು ಕ್ಷಣ ಅವಳ ಮುಖದಲ್ಲಿ ಅದು ಬಂದು ಹೋದದ್ದನ್ನು ನಾನು ಕಂಡೆ. ಆಮೇಲೆ ತಲೆ ಅಡ್ಡಡ್ಡ ಆಡಿಸಿದಳು.

“ಬ್ಯಾಡ. ಇಪ್ಪತ್ತೆಂಟು ಬಂದಿತ್ತು. ಅದು ನಾನೇ ತಗೊಂಡಿದ್ದು, ಅದನ್ನೇ ಬರಿ.”